ಬರ್ಲಿನ್ನಿಗೆ ಮಾತಾಡಿದ ಪಾನ್‌ದಾನ್

ಮಹಾಜನರೇ — ಮೊದಲು ಒಂದು ಘೋಷಣೆ. ಇತಿಹಾಸದಲ್ಲಿ ಬರೆದಿಡತಕ್ಕ ಘೋಷಣೆ. ಹಿಂದಿನ ಸಾಲಿನವರು ದಯವಿಟ್ಟು ಕೆಮ್ಮುವುದನ್ನು ನಿಲ್ಲಿಸಿ ಕೇಳಬೇಕು. ಇಂದಿನ ಈ ಸಭೆಯಲ್ಲಿ ಚಹಾ ಇರುವುದಿಲ್ಲ.

ಇದು ಜಿಪುಣತನವಲ್ಲ. ಗುಂಡಪ್ಪನವರು ತಮ್ಮ ಹತ್ತಿ ಗಿರಣಿಯ ಅಂಗಳ ಕೊಟ್ಟಿದ್ದಾರೆ, ಜಮಖಾನೆ ಕೊಟ್ಟಿದ್ದಾರೆ, ಹಾಲಿಗೂ ಹೇಳಿ ಕಳಿಸಿದ್ದರು. ಆದರೆ ನಮಗೆ ಸಿಕ್ಕ ಪರವಾನಗಿಯ ಕಾಗದದಲ್ಲಿ ‘ದುಃಖ ವ್ಯಕ್ತಪಡಿಸುವ ಸಲುವಾಗಿ ಮಾತ್ರ’ ಎಂದು ಬರೆದಿದೆ. ಚಹಾ ಒಳಗೆ ಹೋದರೆ ಮನುಷ್ಯ ದುಃಖವನ್ನು ಬಿಟ್ಟು ಬೇರೆ ವಿಷಯ ಮಾತಾಡುತ್ತಾನೆ ಎಂಬುದು ಸರಕಾರದ ಅನುಭವ ಇರಬೇಕು. ಆಗಲಿ. ಒಣಗಂಟಲಿನಲ್ಲೇ ದುಃಖಿಸೋಣ.

ಸಭೆಗೆ ಬಂದ ಹಿರಿಯರಿಗೆ, ಹುಮನಾಬಾದಿನಿಂದ, ರಾಜೇಶ್ವರದಿಂದ ಈ ಚೈತ್ರದ ಬಿಸಿಲಿನಲ್ಲಿ ಬಂದವರಿಗೆ, ಪರದೆಯ ಆಚೆ ಕುಳಿತಿರುವ ಸರ್ದಾರಬಿ ಭಾಬಿಯವರಿಗೆ, ಅವರ ಪಕ್ಕದಲ್ಲಿರುವ ನೆಗೆಣ್ಣಿ ಅಕ್ಬರಿಯವರಿಗೆ — ಈ ದಿಗಂಬರನ ನಮಸ್ಕಾರ, ಸಲಾಮು. ಅಲ್ಲಿ ಬೇವಿನ ನೆರಳಿನಲ್ಲಿ ಕುಳಿತು ನನ್ನ ಮಾತನ್ನು ಬರೆದುಕೊಳ್ಳುತ್ತಿರುವ ಸಾಹೇಬರಿಗೂ ನಮಸ್ಕಾರ. ಅವರು ಸರಕಾರಿ ಕೆಲಸದ ಮೇಲೆ ಬಂದಿದ್ದಾರೆ. ಅವರಿಗೆ ಯಾರಾದರೂ ಒಂದು ದಿಂಬು ಕೊಡಿ. ತೊಡೆಯ ಮೇಲೆ ಇಟ್ಟು ಬರೆದರೆ ಅಕ್ಷರ ಸೊಟ್ಟಗಾಗುತ್ತದೆ. ಸಾಹೇಬರೇ, ನಾನು ನಿಧಾನವಾಗಿಯೇ ಹೇಳುತ್ತೇನೆ. ಒಂದು ಕಡೆ ಮಾತ್ರ ತಾವು ವಿಶೇಷ ಗಮನ ಕೊಡಬೇಕು. ಅಲ್ಲಿಗೆ ಬಂದಾಗ ನಾನೇ ತಿಳಿಸುತ್ತೇನೆ.

ಶಂಶುದ್ದೀನ್ ಯಾರು ಎಂದು ಈ ಊರಿಗೆ ಹೇಳಬೇಕಾಗಿಲ್ಲ. ಹೊರಗಿನವರಿಗಾಗಿ ಹೇಳುತ್ತೇನೆ. ನಮ್ಮ ಬಸವಣ್ಣನ ಕಲ್ಯಾಣದ ತಗಡಿನ ಕೆಲಸಗಾರ. ಕಂದೀಲು, ಎಣ್ಣೆಯ ಡಬ್ಬಿ, ಬಕೆಟ್ಟು — ಸೋರುವುದನ್ನೆಲ್ಲ ಸೋರದಂತೆ ಮಾಡುವ ಮನುಷ್ಯ. ಅಕ್ಷರ ಬರುತ್ತಿರಲಿಲ್ಲ, ಸಹಿ ಎಂದರೆ ಹೆಬ್ಬೆಟ್ಟು. ನಾನು ಅಕ್ಷರದವನು — ಅಂಗಡಿಗಳಿಗೆ ಬೋರ್ಡು ಬರೆಯುವುದು, ವಾರಪತ್ರಿಕೆಗೆ ಹರಟೆ ಬರೆಯುವುದು. ಎರಡರಲ್ಲೂ ವಿಷಯಕ್ಕಿಂತ ಬಣ್ಣ ಹೆಚ್ಚು. ಐದು ವರ್ಷದ ಹಿಂದೆ ನಾವಿಬ್ಬರೂ ಒಂದೇ ಟ್ರಂಕಿನ ಎರಡು ಕಿವಿ ಹಿಡಿದುಕೊಂಡು ಕೊಲ್ಹಾಪುರಕ್ಕೆ ಹೋಗಿ ಒಂದು ಸಿನಿಮಾ ಕಂಪನಿ ಸೇರಿದೆವು. ನಾನು ಪರದೆಗೆ ಬಣ್ಣ ಬಳಿಯುವುದು. ಅವನು ನಕಲಿ ಸಾಮಾನು ಮಾಡುವುದು.

ನಕಲಿ ಸಾಮಾನು — ಈ ಮಾತನ್ನು ನೆನಪಿನಲ್ಲಿಡಿ. ಒಬ್ಬ ಮನುಷ್ಯನ ಜೀವ ಅದರಲ್ಲಿ ಸಿಕ್ಕಿಕೊಂಡು ಹೋಯಿತು. ಇನ್ನೊಬ್ಬನದು ಇನ್ನೂ ಸಿಕ್ಕಿಕೊಂಡೇ ಇದೆ.

ಕಂಪನಿಯ ಸೇಠರಿಗೆ ಮೂಕಿ ಕಾಲದಲ್ಲಿ ರೊಕ್ಕ ಮಾಡಿಕೊಟ್ಟ ಒಂದು ಚಿತ್ರ ಇತ್ತು — ‘ಏಳನೆಯ ಚಾವಿ’. ಒಬ್ಬ ಗೂಢಚಾರ, ಏಳು ಕಳ್ಳರು, ನಡುವೆ ಒಂದು ಖಜಾನೆ. ಅದನ್ನೇ ಹೊಸದಾಗಿ ಟಾಕಿ ಮಾಡಬೇಕೆಂದು ಅವರಿಗೆ ಮನಸ್ಸಾಯಿತು. ಅದೇ ಕಥೆ, ಅದೇ ಯಂತ್ರಗಳು, ಮೇಲಿಂದ ಮಾತು ಹಚ್ಚಿದರಾಯಿತು ಎಂದು ಅವರ ಲೆಕ್ಕ. ಹಳೆಯ ಯಂತ್ರಗಳನ್ನೆಲ್ಲ ಅಟ್ಟದಿಂದ ಇಳಿಸಿದರು: ರಟ್ಟಿನ ದುರ್ಬೀನು, ರಟ್ಟಿನ ಸಿಗರೇಟು ಡಬ್ಬಿ — ಅದರೊಳಗಿಂದ ಗೂಢಚಾರ ತಂತಿಯಿಲ್ಲದೆ ಸುದ್ದಿ ಕಳಿಸುತ್ತಾನೆ. ಮೊದಲ ದಿನ ನಾಯಕ ಆ ಡಬ್ಬಿಯನ್ನು ಮೇಜಿನ ಮೇಲೆ ಇಟ್ಟ. ಪುಸುಕ್ — ಎಂದಿತು. ಖಾಲಿ ಚಪ್ಪಲಿ ಪೆಟ್ಟಿಗೆ ಬಿದ್ದ ಹಾಗೆ. ಶಬ್ದ ಹಿಡಿಯುವ ಯಂತ್ರದವನು ಕಿವಿಯಿಂದ ತಂತಿ ಕಿತ್ತು ಮೇಲೆ ನೋಡಿದ. ಮೂಕಿಯಲ್ಲಿ ಹನ್ನೆರಡು ವರ್ಷ ಜನ ನಂಬಿದ್ದ ವಸ್ತುವಿನ ಮಾನ ಒಂದು ಸಪ್ಪಳದಲ್ಲಿ ಹೋಯಿತು.

ಆಗ ಶಂಶುದ್ದೀನನನ್ನು ಕರೆದರು. ಅವನು ಡಬ್ಬಿಯನ್ನು ಕೈಯಲ್ಲಿ ಹೀಗೆ ತೂಗಿ ನೋಡಿ, ಕೆಳಗಿಟ್ಟು, ನಿರ್ದೇಶಕರನ್ನು ಬಿಟ್ಟು ನನ್ನನ್ನು ಕೇಳಿದ.

"ದಿಗಂಬರ್ ಭಾಯ್, ಈ ಗೂಢಚಾರ ಎಲ್ಲಿಯಾಂವ?"

"ನಮ್ಮ ದೇಶದಾಂವ."

"ಹಂಗಾದ್ರ ಅವನ ಕೈಯಾಗ ವಿಲಾಯತಿ ಸಿಗರೇಟ್ ಡಬ್ಬಿ ಯಾಕ? ಓಣಿ ಮಂದಿ ಎಲ್ಲಾ ಹೊಳ್ಳಿ ನೋಡ್ತಾರ. ಕದ್ದು ಇಟ್ಟಕೊಳ್ಳೂ ಸಾಮಾನು ಅಂದ್ರ ಯಾರೂ ಎರಡನೇ ಸಲ ನೋಡಬಾರದು. ನಮ್ಮನಿ ಪಾನ್‌ದಾನ್ ಅದ ಅಲ್ಲಾ, ಅದರಾಂಗ ಇರಬೇಕು."

ಅದರ ಹಾಗೆ ಅಲ್ಲ, ಕಡೆಗೆ ಅದೇ ಆಯಿತು. ಅವನ ಹೆಂಡತಿ ಸರ್ದಾರಬಿ ಭಾಬಿಯವರು ತವರಿನಿಂದ ತಂದ ಕಂಚಿನ ಪಾನ್‌ದಾನ್. ಅವನು ರಜೆಯ ಮೇಲೆ ಬಂದು ಅದನ್ನು ಎತ್ತಿದ ದಿನ ನಾನು ಹೊಸ್ತಿಲ ಹೊರಗೆ ನಿಂತಿದ್ದೆ.

"ನನ್ನ ಪಾನ್‌ದಾನ್ ಒಯ್ದು ಏನ್ ಮಾಡಾಕತ್ತೀರಿ?" — ಒಳಗಿನಿಂದ.

"ಸಿನಿಮಾಕ್ಕ ಸೇರಸಾಕತ್ತೀನಿ."

"ಎಂಟು ವರ್ಷಾತು, ನನ್ನ ಒಂದ್ ದಿನ ಸಿನಿಮಾ ತೋರಸಲಿಲ್ಲ. ನನ್ನ ಡಬ್ಬಿಗಿ ನೌಕರಿ ಕೊಡ್ಸಾಕತ್ತಾರ."

ಭಾಬಿ, ಈಗ ಪರದೆಯ ಆಚೆ ನೀವು ನಕ್ಕದ್ದು ಕೇಳಿಸಿತು. ಅದಕ್ಕೆ ಪರವಾನಗಿ ಇಲ್ಲ, ಆದರೂ ನಡೆಯಲಿ.

ಮೇಲಿನ ತಟ್ಟೆಯಲ್ಲಿ ನಿಜವಾದ ಎಲೆ, ಅಡಿಕೆ, ಸುಣ್ಣ. ತಟ್ಟೆ ಎತ್ತಿದರೆ ಕೆಳಗೆ ಗಡಿಯಾರದ ಮುಖದಂಥ ಎರಡು ಚಕ್ರ, ನಡುಗುವ ಒಂದು ಮುಳ್ಳು, ಟಕ್ ಟಕ್ ಒತ್ತುವ ಒಂದು ಗುಂಡಿ. ಚಕ್ರದ ಮೇಲಿನ ಅಂಕಿ ನಾನು ಬರೆದದ್ದು. ಅದರ ಕೆಳಗೆ ತಗಡು ಬೆಸೆದು ಮುಚ್ಚಿದ ಹೊಟ್ಟೆ. ಆ ಹೊಟ್ಟೆಯೊಳಗೆ ಏನು ಎಂದು ಕೇಳುತ್ತೀರಿ. ಸಜ್ಜೆ. ಮೂರು ಪಾವು ಸಜ್ಜೆಯ ಕಾಳು.

ನಗಬೇಡಿ. ಅವನ ಬುದ್ಧಿ ಅಲ್ಲಿತ್ತು. ಖಾಲಿ ಡಬ್ಬಿ ಹಿಡಿದ ಕೈ ತಾನಾಗಿ ಸುಳ್ಳು ಹೇಳುತ್ತದೆ, ಭಾರ ಬೇಕು ಎಂದ. ಕಬ್ಬಿಣ ತುಂಬಿದ, ಗಡಗಡ ಎಂದಿತು. ಉಸುಕು ತುಂಬಿದ; ಮೂಕವಾಯಿತು. ಸಜ್ಜೆ ತುಂಬಿ ಮೆಲ್ಲಗೆ ವಾಲಿಸಿದ — ಶ್‌ಶ್‌ಶ್... ರೇಡಿಯೋದಲ್ಲಿ ಊರು ಹಿಡಿಯುವ ಮುಂಚೆ ಬರುತ್ತದಲ್ಲ, ಆ ಸದ್ದು. ಶಬ್ದದ ಯಂತ್ರದವನು ಎದ್ದು ಬಂದು ಅವನ ಕೈ ಹಿಡಿದುಕೊಂಡ.

ಎಲ್ಲ ಮುಗಿಯಿತು ಎಂದು ನಾವು ಅಂದುಕೊಂಡೆವು. ಅವನು ಗುಂಡಿಯನ್ನು ನೋಡುತ್ತಾ ಕುಳಿತಿದ್ದ.

"ಹೊಸಾದು ಕಾಣಸ್ತದ," ಎಂದ. "ಹೊಸಾ ಯಂತ್ರ ಯಾರೂ ನಂಬೂದಿಲ್ಲ. ಗೂಢಚಾರ ಹತ್ತು ವರ್ಷ ಒತ್ತ್ಯಾನ ಅಂದ್ರ ಬೆರಳಿನ ಗುಣಿ ಬಿದ್ದಿರಬೇಕು."

ಹುಣಸೆಹಣ್ಣು, ಬೂದಿ, ಒಂದು ಚೂರು ತೊಗಲು ತೆಗೆದುಕೊಂಡು ಕುಳಿತ. ಮೂರು ದಿನ — ಮುಂಜಾನೆಯಿಂದ ಸಂಜೆಯವರೆಗೆ ಮೂರು ದಿನ — ತನ್ನ ಹೆಬ್ಬೆರಳಿನಿಂದ ಆ ಗುಂಡಿಯನ್ನು ಸವೆಸಿದ. ಕಡೆಗೆ ಅದನ್ನು ನೋಡಿದವರಿಗೆ ಗೂಢಚಾರನ ಹತ್ತು ವರ್ಷದ ಬಾಳು ಕಾಣುತ್ತಿತ್ತು. ಚಿತ್ರದಲ್ಲಿ ನಾಯಕ ಸಾಧಾರಣ, ನಾಯಕಿ ಸಾಧಾರಣ, ಹಾಡು ಮರೆತುಹೋದವು. ಜನ ಪಾನ್‌ದಾನ್ ಬಂದಾಗ ಸೀಟಿ ಹೊಡೆದರು.

ಈ ಕಥೆ ಇಲ್ಲಿಗೇ ಮುಗಿದಿದ್ದರೆ ಇವತ್ತು ಚಹಾ ಇರುತ್ತಿತ್ತು.

ಹೋದ ವರ್ಷ ದೀಪಾವಳಿಯ ಹೊತ್ತಿಗೆ ‘ಏಳನೆಯ ಚಾವಿ’ ಹುಮನಾಬಾದಿಗೆ ಬಂತು, ಇದೇ ಗುಂಡಪ್ಪನವರ ಡೇರೆ ಸಿನಿಮಾಕ್ಕೆ. ಡೇರೆಗಳ ಪದ್ಧತಿ ನಿಮಗೆ ಗೊತ್ತು: ಕತ್ತಿಯ ಚಿತ್ರ ಬಂದರೆ ಬಾಗಿಲಲ್ಲಿ ಕತ್ತಿ ತೂಗುಹಾಕುವುದು, ಹಾವಿನ ಚಿತ್ರ ಬಂದರೆ ಹಾವಾಡಿಗನನ್ನು ಕೂಡಿಸುವುದು. ಪಾನ್‌ದಾನ್ ಮಾಡಿದವನು ನಮ್ಮವನೇ ಎಂದ ಮೇಲೆ ಕೇಳಬೇಕೇ. ನಾವಿಬ್ಬರೂ ಹಬ್ಬಕ್ಕೆ ಊರಿಗೆ ಬರುವಾಗ ಕಂಪನಿಯಿಂದ ಅದನ್ನು ಕೇಳಿ ತಂದು ಡೇರೆಯ ಬಾಗಿಲಲ್ಲಿ ಸ್ಟೂಲಿನ ಮೇಲೆ ಇಟ್ಟೆವು. ಶಂಶುದ್ದೀನನ ತಮ್ಮ ಬಂದೇನವಾಜ್ ಬದಿಗೆ ನಿಂತು, ಟಿಕೀಟು ತೆಗೆದವರ ಕಿವಿಗೆ ಅದನ್ನು ಹಿಡಿದು ವಾಲಿಸಿ ಕೇಳಿಸುತ್ತಿದ್ದ. ಇಲ್ಲಿ ಕುಳಿತವರಲ್ಲಿ ಅರ್ಧ ಜನ ಅದನ್ನು ಕೇಳಿದ್ದೀರಿ. ಚಿಟಗುಪ್ಪದ ಒಬ್ಬ ಅಜ್ಜಿ ಅದಕ್ಕೆ ತನ್ನ ಮಗನ ಹೆಸರು ಹೇಳಿ ಕ್ಷೇಮ ಕೇಳಿದ್ದಳು, ಮಗ ಫೌಜಿನಲ್ಲಿದ್ದ.

ಮತ್ತು ಒಂದು ಹಸ್ತಪತ್ರಿಕೆ ಹಂಚಿದೆವು.

ಸಾಹೇಬರೇ — ಗಮನ ಕೊಡಬೇಕೆಂದದ್ದು ಇಲ್ಲಿ. ಆ ಹಸ್ತಪತ್ರಿಕೆಯಲ್ಲಿ ಹೀಗಿತ್ತು: ‘ಬನ್ನಿರಿ, ನೋಡಿರಿ. ಬರ್ಲಿನ್ನಿನ ಜೊತೆ ನೇರವಾಗಿ ಮಾತಾಡುವ ಕಲ್ಯಾಣದ ಪಾನ್‌ದಾನ್. ಹಿಟ್ಲರನಿಗೆ ಎಲೆ ಅಡಿಕೆ ಕೊಟ್ಟು ಸುದ್ದಿ ಕೇಳಿರಿ.’ ಇದನ್ನು ಬರೆದವನು ಯಾರು ಎಂದು ಸರಕಾರ ಐದು ತಿಂಗಳು ತಿಳಿದುಕೊಂಡದ್ದು ತಪ್ಪು. ಬರೆದವನು ನಾನು. ದಿಗಂಬರ, ಬೋರ್ಡು ಬರೆಯುವವನು. ಬರೆದುಕೊಂಡಿರಾ? ‘ನಾನು’ ಎಂಬುದರ ಕೆಳಗೆ ಒಂದು ಗೆರೆ ಎಳೆಯಿರಿ.

ಬರೆದಾಗ ನನಗೆ ಬಹಳ ಖುಷಿಯಾಗಿತ್ತು. ಎರಡು ಸಲ ಓದಿ ನಾನೇ ನಕ್ಕಿದ್ದೆ. ಯುದ್ಧದ ಕಾಲ, ವೈರ್‌ಲೆಸ್ ಇಟ್ಟುಕೊಂಡವನಿಗೆ ಎಂಥ ಕಾನೂನಿದೆ ಎಂಬುದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ನಗು ಬಂದದ್ದು. ತಮಾಷೆ ಬರೆಯುವವರ ಕಸುಬೇ ಅದು — ಬೆಂಕಿ ಇದ್ದ ಕಡೆ ಹೋಗಿ ಬೀಡಿ ಹಚ್ಚಿಕೊಳ್ಳುವುದು. ಈ ಸಲ ಸುಟ್ಟದ್ದು ಬೇರೆಯವನ ಮನೆ.

ನಾಲ್ಕನೆಯ ದಿನ ಅಮೀನ್ ಸಾಹೇಬರು ಬಂದರು. ಯಾವ ಠಾಣೆಯವರು, ಹೆಸರೇನು ಎಂದು ನಾನು ಹೇಳುವುದಿಲ್ಲ. ಅವರು ಕೆಟ್ಟ ಮನುಷ್ಯರಲ್ಲ. ಕಾಗದದಲ್ಲಿ ಬರೆದದ್ದನ್ನು ನಂಬುವ ಮನುಷ್ಯರು. ತಟ್ಟೆ ಎತ್ತಿ ಗುಂಡಿ ನೋಡಿದರು.

"ಇದೇನು?"

"ಸಿನಿಮಾದ ನಕಲಿ ಸಾಮಾನು ರೀ," ಎಂದ ಶಂಶುದ್ದೀನ್.

"ನಕಲಿ ಇದ್ದರ ಈ ಗುಂಡಿ ಯಾಕ ಇಷ್ಟು ಸವದದ?"

"ನಾನೇ ಸವಸೀನ್ರಿ."

"ಎಷ್ಟು ದಿನ ಒತ್ತಿದಿ?"

"ಮೂರು ದಿನ ರೀ. ಮುಂಜಾನಿಂದ ಸಂಜಿ ತನಕ."

"ಅಂದ್ರ ಮೂರು ದಿನ ಮಾತಾಡಿದಿ. ಬರ್ಕೋರಿ."

ಜವಾನ ಪೆಟ್ಟಿಗೆ ಎತ್ತಿದ. ವಾಲಿತು. ಶ್‌ಶ್‌ಶ್ — ಎಂದಿತು. ಜವಾನ ಅದನ್ನು ಸ್ಟೂಲಿನ ಮೇಲೆ ಇಟ್ಟು ಮೂರು ಹೆಜ್ಜೆ ಹಿಂದೆ ಸರಿದ.

"ಸಜ್ಜಿ ರೀ, ಒಳಗ ಸಜ್ಜಿ ಅದ. ಬೆಸುಗಿ ಬಿಚ್ಚಿ ತೋರಸ್ತೀನಿ. ಒಂದು ಬೀಡಿ ಸೇದೂದ್ರಾಗ ಆಗ್ತದ."

"ನನ್ನ ಕಣ್ಣ ಮುಂದ ಮುದ್ದೆಮಾಲು ಕೆಡಸಾಂವ ಹೊಂಟಿ ಏನು?"

ಮುದ್ದೆಮಾಲು. ಎಂದರೆ ಕೇಸಿನ ಸಾಕ್ಷಿ ಸಾಮಾನು. ಆ ಮಾತು ಹೊರಬಿದ್ದ ಕ್ಷಣದಿಂದ ಅದು ಪಾನ್‌ದಾನ್ ಆಗಿ ಉಳಿಯಲಿಲ್ಲ. ಬಟ್ಟೆ ಸುತ್ತಿ ಅರಗಿನ ಮುದ್ರೆ ಒತ್ತಿದರು. ಇನ್ನು ಅದನ್ನು ತಜ್ಞರ ಹೊರತು ಯಾರೂ ಬಿಚ್ಚುವಂತಿಲ್ಲ. ತಜ್ಞರು ಹೈದರಾಬಾದಿನಿಂದ ಬರಬೇಕು. ಕಡೆಗೆ ಅಮೀನರು ಹಸ್ತಪತ್ರಿಕೆ ತೋರಿಸಿ, ಇದನ್ನು ಬರೆದವರು ಯಾರು ಎಂದು ಕೇಳಿದರು.

ನಾನು ಅಲ್ಲೇ ಇದ್ದೆ. ಡೇರೆಯ ಹಗ್ಗದ ಹತ್ತಿರ, ಇಲ್ಲಿಂದ ಆ ಗಾಡಿಯಷ್ಟು ದೂರ. ಬಾಯಿ ತೆರೆದೆ. ಅವನು ನನ್ನ ಕಡೆ ನೋಡಲಿಲ್ಲ. "ನಾನೇ ರೀ," ಎಂದ. ಅಕ್ಷರ ಬಾರದವನು ಇಷ್ಟು ಚೆನ್ನಾಗಿ ಹೇಗೆ ಬರೆದ ಎಂದು ಯಾರೂ ಕೇಳಲಿಲ್ಲ. ಹೇಳಿಕೆಯ ಕೆಳಗೆ ಹೆಬ್ಬೆಟ್ಟು ಒತ್ತಿಸಿದರು. ನಾನು ತೆರೆದ ಬಾಯನ್ನು ಮುಚ್ಚಿದೆ. ಐದು ತಿಂಗಳು ಮುಚ್ಚಿಯೇ ಇದ್ದೆ. ಇವತ್ತು ತೆರೆದಿದ್ದೇನೆ.

ಅಣ್ಣತಮ್ಮ ಇಬ್ಬರನ್ನೂ ಒಯ್ದರು. ಬರ್ಲಿನ್ನಿನ ಮಾತನ್ನು ಜನರ ಕಿವಿಗೆ ಮುಟ್ಟಿಸಿದವನು ಎಂದು ಬಂದೇನವಾಜನ ಮೇಲೆ ಬರೆದರು. ಮುಂದಿನದು ಬಹಳ ಸರಳ. ತಜ್ಞರಿಗೆ ಕಾಗದ ಹೋಯಿತು. ಕಾಗದ ಉರ್ದುವಿನಲ್ಲಿದೆ, ಇಂಗ್ಲಿಷಿನಲ್ಲಿ ಕಳಿಸಿ ಎಂದು ಬಂತು. ಇಂಗ್ಲಿಷಿನಲ್ಲಿ ಹೋಯಿತು. ಪಾನ್‌ದಾನ್ ಎಂದರೇನು ಎಂದು ಬಂತು. ಉತ್ತರ ಬರೆಯುವ ಗುಮಾಸ್ತರು ರಜೆಯಲ್ಲಿದ್ದರು. ಇಷ್ಟರಲ್ಲಿ ಚಳಿಗಾಲ ಬಂದು ಹೋಯಿತು. ಅವರನ್ನು ಕೂಡಿಹಾಕಿದ ಹವಾಲಾತಿನ ನೆಲ ಕಲ್ಲಿನದು.

ಮಾಘದಲ್ಲಿ ನನಗೆ ಒಂದು ಸಲ ನೋಡಲು ಬಿಟ್ಟರು. ಗೋಡೆಗೆ ಒರಗಿ ಕುಳಿತಿದ್ದ. ಕೆಮ್ಮು. ಮೈ ಮುಟ್ಟಿದರೆ ಕಾದ ಕಾವಲಿ.

"ಶಂಶುಭಾಯ್, ನಾಳೆ ಹೋಗಿ ಹೇಳ್ತೀನಿ. ಬರದಾಂವ ನಾನು ಅಂತ."

"ಹುಚ್ಚ ಆಗಬ್ಯಾಡ. ನೀ ಒಳಗ ಬಂದ್ರ ನಮ್ಮ ಅರ್ಜಿ ಯಾರು ಬರೀತಾರ? ನಾ ಹೆಬ್ಬಟ್ಟ ಒತ್ತಾಂವ, ಬಂದೇನವಾಜೂ ಅದೇ. ಮೂವರೂ ಕೂತ ಗ್ವಾಡಿ ನೋಡೋಣೇನು?" ಎಂದ. ಸ್ವಲ್ಪ ಹೊತ್ತು ಕೆಮ್ಮಿದ. ಆಮೇಲೆ — ನಾನು ಕಣ್ಣು ಒರೆಸಿಕೊಳ್ಳುವುದನ್ನು ನೋಡಿ ಇರಬೇಕು — "ತಪ್ಪ ಮಾಡಿದೆ ನೋಡು," ಎಂದ. "ಸಜ್ಜಿ ಬದಲಿ ನವಣಿ ಹಾಕಬೇಕಿತ್ತು. ಸಪ್ಪಳ ಇನ್ನೂ ಸಣ್ಣಗ ಬರ್ತಿತ್ತು."

ನಾನು ಆ ಅರ್ಜಿಗಳನ್ನು ಬರೆದೆ. ಹನ್ನೊಂದು. ಎಲ್ಲವೂ ಗಂಭೀರ, ಒಂದರಲ್ಲೂ ನಗೆ ಇಲ್ಲ. ಬಹುಶಃ ಅದಕ್ಕೇ ಯಾರೂ ಓದಲಿಲ್ಲ. ಹಸ್ತಪತ್ರಿಕೆಯನ್ನು ಮಾತ್ರ ಸರಕಾರ ಅಕ್ಷರ ಅಕ್ಷರ ಓದಿತು.

ಹದಿನಾರು ದಿನದ ಮೇಲೆ ದೇಹ ಬಂತು. ನಿಮೋನಿಯಾ ಎಂದು ಚೀಟಿ ಕೊಟ್ಟರು. ಮೊನ್ನೆ ನಲವತ್ತನೆಯ ದಿನದ ಫಾತಿಹಾ ಮುಗಿಯಿತು. ಅವನನ್ನು ಕೊಂದವರು ಯಾರು ಎಂದು ಕೇಳಿದರೆ ನನಗೆ ಒಬ್ಬನ ಕಡೆ ಬೆರಳು ತೋರಿಸಲು ಬರುವುದಿಲ್ಲ, ನನ್ನ ಕಡೆ ಬಿಟ್ಟರೆ. ಅವನ ಕೆಲಸ ಅಷ್ಟು ಚೆನ್ನಾಗಿತ್ತು, ನನ್ನ ಮಾತು ಅಷ್ಟು ಹಗುರವಾಗಿತ್ತು. ಎರಡೂ ಒಂದೇ ಸ್ಟೂಲಿನ ಮೇಲೆ ಕುಳಿತವು.

ಈಗ ಇನ್ನೊಬ್ಬನ ಮಾತು. ಬಂದೇನವಾಜ್ ಇನ್ನೂ ಒಳಗಿದ್ದಾನೆ. ಅವನಿಗೂ ಕೆಮ್ಮು ಹತ್ತಿದೆ. ಅವನ ಹೆಂಡತಿ ಅಕ್ಬರಿ ಹೋದ ವಾರ ನೋಡಿ ಬಂದಳು. "ಅದೇ ಕೆಮ್ಮು ಅಣ್ಣಾ" ಎಂದು ಇಷ್ಟೇ ಹೇಳಿದಳು.

ತಜ್ಞರು ಕಡೆಗೂ ಬರುತ್ತಿದ್ದಾರೆ. ಈ ಗುರುವಾರ, ಹುಮನಾಬಾದಿನ ಒಂದು ಕಚೇರಿಗೆ, ಮುಂಜಾನೆ ಹತ್ತಕ್ಕೆ. ಮುದ್ರೆ ಒಡೆದು, ಬೆಸುಗೆ ಬಿಚ್ಚಿ, ಒಳಗೆ ಏನಿದೆ ಎಂದು ನೋಡಿ ಪಂಚನಾಮೆ ಬರೆಯುತ್ತಾರೆ. ಸಜ್ಜೆ ಹೊರಗೆ ಬಿದ್ದರೆ — ಇಷ್ಟು ದಿನಕ್ಕೆ ಹುಳ ಹಿಡಿದಿರುತ್ತದೆ, ಆದರೂ ಸಜ್ಜೆ ಸಜ್ಜೆಯೇ — ಬಂದೇನವಾಜನನ್ನು ಅಂದೇ ಬಿಡುತ್ತಾರೆ. ಆದರೆ ಪೆಟ್ಟಿಗೆ ಬಿಚ್ಚುವಾಗ ಐವರು ಪಂಚರು ಎದುರಿಗೆ ಇರಬೇಕು. ಸಹಿ ಮಾಡಲು ಬರುವವರು, ಬಳಗದವರಲ್ಲದವರು. ಪಂಚರು ಸಿಗದಿದ್ದರೆ ತಜ್ಞರು ಮಧ್ಯಾಹ್ನದ ಮೋಟಾರಿಗೆ ತಿರುಗಿ ಹೋಗುತ್ತಾರೆ. ಮತ್ತೆ ಬರುವುದು ಮಳೆಗಾಲ ಕಳೆದ ಮೇಲೆ. ಆ ಕೆಮ್ಮಿಗೆ ಅಷ್ಟು ವೇಳೆ ಇಲ್ಲ.

ನಾನು ಹತ್ತು ದಿನದಿಂದ ಹುಮನಾಬಾದಿನ ಮನೆ ಮನೆ ತಿರುಗುತ್ತಿದ್ದೇನೆ. ಬಸವಣಪ್ಪನವರು ಇಲ್ಲೇ ಇದ್ದಾರೆ, ಅವರು ಹೇಳಿದ್ದನ್ನು ಹೇಳಿದರೆ ಸಿಟ್ಟಾಗಲಿಕ್ಕಿಲ್ಲ. "ದಿಗಂಬರಪ್ಪ, ಬಿಚ್ಚುವಾಗ ಢಂ ಅಂದ್ರ?" ಎಂದರು.

"ಒಳಗ ಸಜ್ಜಿ ಅದ ರೀ."

"ಅದು ನಿನಗ ಗೊತ್ತು. ಸಜ್ಜಿಗಿ ಗೊತ್ತದ ಏನು?"

ನಗು ಬರುವ ಮಾತು. ನಾನೂ ನಕ್ಕೆ. ಆದರೆ ನಿಜವಾದ ಅಂಜಿಕೆ ಢಂ ಎನ್ನುವುದರದ್ದಲ್ಲ. ಅದು ನಿಮಗೂ ಗೊತ್ತು, ನನಗೂ ಗೊತ್ತು. ಸರಕಾರದ ಕಾಗದದಲ್ಲಿ ಒಮ್ಮೆ ಹೆಸರು ಬಂದರೆ ಮತ್ತೆ ಎಲ್ಲಿ ಎಲ್ಲಿ ಬರುತ್ತದೋ ಎಂಬ ಅಂಜಿಕೆ. ಅದು ಸುಳ್ಳು ಅಂಜಿಕೆ ಎಂದು ನಾನು ಹೇಳುವುದಿಲ್ಲ. ಐದು ತಿಂಗಳು ಅದರ ಕೆಳಗೆ ಮಲಗಿ ಎದ್ದವನು ನಾನು. ನಾನೇ ಪಂಚನಾಗಿ ನಿಲ್ಲುತ್ತಿದ್ದೆ. ಆದರೆ ಈಗ ನಾನೂ ಆ ಕೇಸಿನ ಮನುಷ್ಯ. ಬೇವಿನ ಕೆಳಗಿನ ಸಾಹೇಬರು ಈಗಷ್ಟೇ ನನ್ನನ್ನು ಸೇರಿಸಿಕೊಂಡಿದ್ದಾರೆ. ಗುರುವಾರದ ಹೊತ್ತಿಗೆ ನಾನು ಎಲ್ಲಿರುತ್ತೇನೋ ಹೇಳಲಾರೆ. ಗುಂಡಪ್ಪನವರದು ಡೇರೆ, ಅವರೂ ನಿಲ್ಲುವಂತಿಲ್ಲ. ಅವರು ತಮ್ಮ ಮೋಟಾರು ಕಳಿಸುತ್ತಾರೆ. ಗುರುವಾರ ಏಳು ಗಂಟೆಗೆ ಈ ಗಿರಣಿಯ ಬಾಗಿಲಿನಿಂದ ಹೊರಡುತ್ತದೆ, ರಾಜೇಶ್ವರದಲ್ಲಿ ನಿಲ್ಲುತ್ತದೆ. ಹುಮನಾಬಾದಿನವರು ನೇರವಾಗಿ ಕಚೇರಿಗೆ ಬಂದರಾಯಿತು. ರೊಟ್ಟಿ ಕಟ್ಟಿಕೊಂಡು ಬನ್ನಿ. ಕಚೇರಿಗಳು ಹೊತ್ತಿಗೆ ಸರಿಯಾಗಿ ಹಸಿವಾಗಲು ಬಿಡುತ್ತವೆ, ಉಣ್ಣಲು ಬಿಡುವುದಿಲ್ಲ.

ಭಾಬಿ, ನಿಮಗೆ ಹೇಳಬೇಕಾದದ್ದನ್ನು ನಾನು ಎಲ್ಲರ ಎದುರಿಗೆ ಹೇಳಿಬಿಟ್ಟೆ. ಮನೆಗೆ ಬಂದು ಒಬ್ಬನೇ ಹೇಳುವ ಧೈರ್ಯ ಇರಲಿಲ್ಲ. ಕ್ಷಮೆ ಕೇಳುವುದಿಲ್ಲ; ಕೇಳಿದರೆ ನೀವು ಕೊಟ್ಟುಬಿಡುತ್ತೀರಿ ಎಂಬ ಹೆದರಿಕೆ.

ಇಷ್ಟು ಸಾಕು. ಇನ್ನು ಶಂಶುದ್ದೀನನಿಗಾಗಿ ಎಲ್ಲರೂ ಎದ್ದು ಎರಡು ನಿಮಿಷ ಮಾತಿಲ್ಲದೆ ನಿಲ್ಲೋಣ. ವಯಸ್ಸಾದವರಿಗೆ ಪಕ್ಕದವರು ಕೈ ಕೊಡಿ. ಸಾಹೇಬರೇ, ತಾವೂ ಏಳಬಹುದು. ಎರಡು ನಿಮಿಷ ಬರೆದುಕೊಳ್ಳುವಂಥದ್ದು ಏನೂ ಇರುವುದಿಲ್ಲ.

ಒಂದು ಸಣ್ಣ ಕೆಲಸ. ಎರಡು ನಿಮಿಷ ಆದ ಮೇಲೆ ನಾನು ‘ಕುಳಿತುಕೊಳ್ಳಿ’ ಎನ್ನುತ್ತೇನೆ. ಆಗ ಎಲ್ಲರೂ ಕುಳಿತುಕೊಳ್ಳಿ. ಗುರುವಾರ ಬರುವ ಐವರು ಮಾತ್ರ ನಿಂತೇ ಇರಿ — ನಾನು ಬಂದು ಹೆಸರು ಬರೆದುಕೊಳ್ಳುತ್ತೇನೆ.